ಬಾಗಿಲ ಮೇಲಿನ ಕ್ಯಾಮೆರಾ: ಆಕಳ ಮೈಕಟ್ಟು ಅಳೆದ ನನ್ನ ಅನುಭವ

ಗದಗ ತಾಲೂಕಿನ ನಮ್ಮ ಕೊಟ್ಟಿಗೆಯಲ್ಲಿ 22 ಆಕಳುಗಳಿವೆ. ನಾಲ್ಕು ಜೆರ್ಸಿ ಮಿಶ್ರತಳಿಯವು, ಉಳಿದವು ಎಚ್‌ಎಫ್ (ಹೋಲ್‌ಸ್ಟೈನ್ ಫ್ರೀಸಿಯನ್) ಮಿಶ್ರತಳಿಯವು. ಮೂರು ವರ್ಷಗಳ ಹಿಂದೆ, ಎಲ್ಲಕ್ಕಿಂತ ಹೆಚ್ಚು ಹಾಲು ಕೊಡುತ್ತಿದ್ದ ಆಕಳು ಈದ ಮೂರನೆಯ ವಾರ ಮೇವು ಬಿಟ್ಟಿತು. ವೈದ್ಯರು ಕೀಟೋಸಿಸ್ (ಮೈಯ ಕೊಬ್ಬು ಅತಿಯಾಗಿ ಕರಗಿ ರಕ್ತದಲ್ಲಿ ಕೀಟೋನ್ ಎಂಬ ವಸ್ತು ಹೆಚ್ಚುವ ಕಾಯಿಲೆ) ಎಂದು ಗುರುತಿಸುವ ಹೊತ್ತಿಗೆ ಅದರ ನಡುವಿನ ಎಲುಬುಗಳು ಎದ್ದು ಕಾಣುತ್ತಿದ್ದವು. ದಿನಕ್ಕೆರಡು ಸಲ ಅದರ ಪಕ್ಕದಲ್ಲೇ ಕುಳಿತು ಹಾಲು ಹಿಂಡುತ್ತಿದ್ದ ನನಗೆ ಅದು ಸೊರಗುತ್ತಿರುವುದು ತಿಳಿದಿರಲಿಲ್ಲ. ಹುಬ್ಬಳ್ಳಿಯಲ್ಲಿ ಕೆಲವು ವರ್ಷ ಸಾಫ್ಟ್‌ವೇರ್ ಕೆಲಸ ಮಾಡಿ ಊರಿಗೆ ಮರಳಿದವನು ನಾನು. ದಿನವೂ ನೋಡುವ ಕಣ್ಣು ಗುರುತಿಸದ ಈ ನಿಧಾನದ ಇಳಿತವನ್ನು ಕ್ಯಾಮೆರಾ ಹಿಡಿದೀತೇ ಎಂಬ ಪ್ರಶ್ನೆ ಅಂದಿನಿಂದ ನನ್ನನ್ನು ಬಿಡಲಿಲ್ಲ.

ಹೈನುರಾಸುಗಳ ದೇಹಸ್ಥಿತಿಯನ್ನು 1ರಿಂದ 5ರವರೆಗೆ, ಕಾಲು ಅಂಕದ ಅಂತರದಲ್ಲಿ ಅಳೆಯುವುದು ರೂಢಿ: 1 ಎಂದರೆ ಎಲುಬಿನ ಗೂಡು, 5 ಎಂದರೆ ಅತಿಯಾದ ಕೊಬ್ಬು. ಈಯುವಾಗ ಅಂಕ 3ರಿಂದ 3.5ರ ನಡುವೆ ಇರಬೇಕು, ಈದ ಮೇಲೆ ಅರ್ಧ ಅಂಕಕ್ಕಿಂತ ಹೆಚ್ಚು ಇಳಿಯಬಾರದು. ಸೊಂಟದ ಎಲುಬಿನಿಂದ ತೊಡೆಯ ಕೀಲಿನ ಮೂಲಕ ಪೃಷ್ಠದ ತುದಿಯ ಎಲುಬಿನವರೆಗೆ ಗೆರೆ ಎಳೆದಂತೆ ಪಕ್ಕದಿಂದ ನೋಡಿದಾಗ ಅದು ‘ವಿ’ ಆಕಾರದಲ್ಲಿದ್ದರೆ 3 ಅಥವಾ ಅದಕ್ಕಿಂತ ಕಡಿಮೆ, ‘ಯು’ ಆಕಾರದಲ್ಲಿದ್ದರೆ 3.25 ಅಥವಾ ಅದಕ್ಕಿಂತ ಹೆಚ್ಚು. ಬಾಲದ ಬುಡದ ಗುಳಿ ಎಷ್ಟು ತುಂಬಿದೆ, ಅಡ್ಡೆಲುಬುಗಳ ತುದಿ ಕೈಗೆ ಎಷ್ಟು ಚೂಪಾಗಿ ತಾಗುತ್ತದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಮೊದಲು ಮೊಬೈಲಿನಿಂದ ಹಿಂಭಾಗದ ಚಿತ್ರಗಳನ್ನು ತೆಗೆದು, ಚಿತ್ರ ನೋಡಿ ಅಂಕ ಹೇಳುವ ಕಂಪ್ಯೂಟರ್ ಮಾದರಿಯನ್ನು ಕಲಿಸಲು ಹೋದೆ. ಕಪ್ಪು ಬಿಳುಪು ಮಚ್ಚೆಗಳು ಮತ್ತು ತಗಡಿನ ಸಂದಿಯಿಂದ ಬೀಳುವ ಬಿಸಿಲು ಗುಳಿ ಉಬ್ಬುಗಳನ್ನೆಲ್ಲ ಮರೆಮಾಚಿದವು. ಆಮೇಲೆ ಆಳ ಅಳೆಯುವ ಕ್ಯಾಮೆರಾ ಕೊಂಡೆ. ಅದರ ಎರಡು ಅವಗೆಂಪು ಮಸೂರಗಳು ನಮ್ಮ ಎರಡು ಕಣ್ಣುಗಳಂತೆ ಕೆಲಸ ಮಾಡಿ ಪ್ರತಿ ಬಿಂದುವಿನ ದೂರವನ್ನು ಕೊಡುತ್ತವೆ, ಆದ್ದರಿಂದ ಆಕಳ ಮಚ್ಚೆಗಳು ಹೆಚ್ಚು ಅಡ್ಡಿಯಾಗುವುದಿಲ್ಲ. ಹಾಲು ಹಿಂಡುವ ಜಾಗದ ಬಾಗಿಲಿನಲ್ಲಿ ನೆಲದಿಂದ 2.9 ಮೀಟರ್ ಎತ್ತರಕ್ಕೆ ಅದನ್ನು ನೆಲಮುಖವಾಗಿ ಕಟ್ಟಿದೆ. ಪ್ರತಿ ಆಕಳು ದಾಟುವಾಗ ಹತ್ತಾರು ಚೌಕಟ್ಟುಗಳು (ಬಿಡಿ ಚಿತ್ರಗಳು) ಸಿಗುತ್ತವೆ; ಬಾಲ ಎತ್ತಿದ, ಬೆನ್ನು ಬಾಗಿಸಿದ, ಅರ್ಧ ಮಾತ್ರ ಕಂಡ ಚೌಕಟ್ಟುಗಳನ್ನು ಬಿಟ್ಟು ಉಳಿದವುಗಳ ಅಂಕಗಳ ಮಧ್ಯಾಂಕವನ್ನು (ಏರಿಕೆಯ ಕ್ರಮದಲ್ಲಿಟ್ಟಾಗ ನಡುವೆ ಬರುವ ಅಂಕವನ್ನು) ತೆಗೆದುಕೊಳ್ಳುತ್ತೇನೆ. ಕಣಿಕೆ ಕತ್ತರಿಸುವಾಗ ಏಳುವ ದೂಳು ಮಸೂರಕ್ಕೆ ಅಂಟುವುದರಿಂದ ವಾರಕ್ಕೊಮ್ಮೆ ಒರೆಸಲೇಬೇಕು. ಕಿವಿಯ ಹಳದಿ ಬಿಲ್ಲೆಯ 12 ಅಂಕಿ ಮೇಲಿನಿಂದ ಕಾಣದ ಕಾರಣ ಕೊರಳಿಗೆ ಆರ್‌ಎಫ್‌ಐಡಿ ಬಿಲ್ಲೆ (ರೇಡಿಯೊ ಅಲೆಯಿಂದ ಗುರುತು ಹೇಳುವ ಬಿಲ್ಲೆ) ಕಟ್ಟಬೇಕಾಯಿತು.

ಎಲ್ಲಕ್ಕಿಂತ ಹೆಚ್ಚು ಶ್ರಮ ಬೇಡಿದ್ದು ಅಂಕ ಬರೆಯುವ ಕೆಲಸ. ಪರಿಚಯದ ಪಶುವೈದ್ಯರೊಬ್ಬರು ಮತ್ತು ನಾನು ಎರಡು ವಾರಕ್ಕೊಮ್ಮೆ ಎಲ್ಲ ಆಕಳುಗಳನ್ನೂ ಮುಟ್ಟಿ ನೋಡಿ, ಒಬ್ಬರ ಅಂಕ ಇನ್ನೊಬ್ಬರಿಗೆ ತೋರಿಸದೆ ಬರೆದೆವು. ಕಾಲು ಅಂಕದ ವ್ಯತ್ಯಾಸ ಮೇಲಿಂದ ಮೇಲೆ ಬರುತ್ತಿತ್ತು. ಅರ್ಧ ಅಂಕ ಬಂದಲ್ಲಿ ಮತ್ತೆ ಕೈಯಿಟ್ಟು ಚರ್ಚಿಸಿದೆವು. ಇಬ್ಬರು ಮನುಷ್ಯರು ಒಪ್ಪದ ನಿಖರತೆಯನ್ನು ಯಂತ್ರದಿಂದ ನಿರೀಕ್ಷಿಸುವುದು ಸರಿಯಲ್ಲವೆಂದು ಆಗ ನನಗೆ ಮನವರಿಕೆಯಾಯಿತು.

ಮೊದಲ ಪರೀಕ್ಷೆಯಲ್ಲಿ ಫಲಿತಾಂಶ ನಂಬಲಾಗದಷ್ಟು ಚೆನ್ನಾಗಿ ಬಂತು. ಕಾರಣ ಹುಡುಕಿದಾಗ, ಕಲಿಕೆಗೂ ಪರೀಕ್ಷೆಗೂ ಅವೇ ಆಕಳುಗಳ ಚಿತ್ರಗಳು ಹಂಚಿಹೋಗಿದ್ದವು. ಮಾದರಿ ಅಂಕವನ್ನು ಕಲಿಯುವ ಬದಲು ಆಕಳನ್ನೇ ಗುರುತು ಹಿಡಿಯುತ್ತಿತ್ತು. ಕೆಲವು ಆಕಳುಗಳನ್ನು ಪೂರ್ತಿಯಾಗಿ ಪರೀಕ್ಷೆಗೇ ಮೀಸಲಿಟ್ಟಾಗ ನಿಖರತೆ ಕುಸಿಯಿತು, ಆದರೆ ಆ ಸಂಖ್ಯೆಯನ್ನು ನಂಬಬಹುದಾಗಿತ್ತು. ಸಹಜವಾಗಿಯೇ ಎಲುಬು ಎದ್ದು ಕಾಣುವ ಜೆರ್ಸಿ ಮಿಶ್ರತಳಿಗಳಿಗೆ ಅದು ಈಗಲೂ ಕಡಿಮೆ ಅಂಕ ಕೊಡುತ್ತದೆ. ಆದ್ದರಿಂದ ಒಂದು ದಿನದ ಅಂಕಕ್ಕೆ ನಾನು ಹೆಚ್ಚು ಬೆಲೆ ಕೊಡುವುದಿಲ್ಲ. ಅದೇ ಆಕಳ ಏಳು ದಿನಗಳ ಮಧ್ಯಾಂಕ ಯಾವ ಕಡೆಗೆ ಸಾಗುತ್ತಿದೆ ಎಂಬುದನ್ನು ನೋಡುತ್ತೇನೆ, ಏಕೆಂದರೆ ತಳಿಯಿಂದ ಬರುವ ತಪ್ಪು ಪ್ರತಿದಿನವೂ ಒಂದೇ ಪ್ರಮಾಣದಲ್ಲಿರುವುದರಿಂದ ಇಳಿತವನ್ನು ಮುಚ್ಚಿಡುವುದಿಲ್ಲ.

ಕಳೆದ ವರ್ಷ ಈದ ಹನ್ನೆರಡನೆಯ ದಿನ ಒಂದು ಆಕಳ ಅಂಕದ ಗೆರೆ ಕೆಳಗಿಳಿಯತೊಡಗಿತು. ಹಾಲು ಏರುತ್ತಲೇ ಇತ್ತು, ಮೇವೂ ತಿನ್ನುತ್ತಿತ್ತು. ವೈದ್ಯರು ಮೂತ್ರ ಪರೀಕ್ಷಿಸಿದಾಗ ಕೀಟೋನ್ ಕಂಡಿತು, ಮೇವು ಬಿಡುವ ಮೊದಲೇ ಚಿಕಿತ್ಸೆ ಸಿಕ್ಕಿತು. ಅಂದು ನನಗಾದ ನೆಮ್ಮದಿ ದೊಡ್ಡದು.

ಆದರೂ ಹೆಚ್ಚಿನ ಉಪಯೋಗ ಕಂಡದ್ದು ಬೇರೊಂದು ಹಂತದಲ್ಲಿ. ಗಬ್ಬದ ಕೊನೆಯ ಎರಡು ತಿಂಗಳು, ಹಾಲು ಬತ್ತಿಸಿದ ಮೇಲೆ, ಆಕಳನ್ನು ತೆಳ್ಳಗೆ ಮಾಡಲು ಹೋದರೆ ಯಕೃತ್ತಿನಲ್ಲಿ ಕೊಬ್ಬು ಸೇರುವ ಅಪಾಯವಿದೆ. ಮೈ ಸರಿಪಡಿಸಬೇಕಾದದ್ದು ಅದಕ್ಕೂ ಮುಂಚೆ, ಹಾಲು ಇಳಿಮುಖವಾದ ತಿಂಗಳುಗಳಲ್ಲಿ. ನಾವು ಹಾಲು ಕಡಿಮೆಯಾದರೂ ಗೋವಿನಜೋಳದ ನುಚ್ಚು ಮತ್ತು ಹತ್ತಿಕಾಳು ಹಿಂಡಿಯನ್ನು ಕಡಿಮೆ ಮಾಡುತ್ತಿರಲಿಲ್ಲ. ಮೊದಲು ಕಾಯಿಲೆ ಬಿದ್ದ ಆಕಳು ಈದಾಗ ಕೊಬ್ಬಿಹೋಗಿತ್ತೆಂಬುದು ಹಳೆಯ ಫೋಟೊಗಳನ್ನು ನೋಡಿದಾಗ ಅರಿವಾಯಿತು. ಈಗ ಈದ ಇನ್ನೂರನೆಯ ದಿನದ ಅಂಕ ನೋಡಿಯೇ ಪ್ರತಿ ಆಕಳಿಗೂ ಹಿಂಡಿ ಅಳೆದು ಹಾಕುತ್ತೇವೆ.

ಪಕ್ಕದ ಮನೆಯವರ ಧಾರವಾಡಿ ಎಮ್ಮೆಗಳಿಗೂ ಇದನ್ನು ಅಳವಡಿಸುವ ಆಸೆಯಿದೆ. ಕಪ್ಪು ಚರ್ಮ ಬೆಳಕನ್ನು ಹೀರುವುದರಿಂದ ಆಳದ ಚಿತ್ರದಲ್ಲಿ ಅಲ್ಲಲ್ಲಿ ತೂತು ಬೀಳುತ್ತವೆ, ಮೈ ಒದ್ದೆಯಾಗಿದ್ದರಂತೂ ಇನ್ನೂ ಹೆಚ್ಚು. ಎಮ್ಮೆಯ ಬೆನ್ನಿನ ರಚನೆಯೇ ಬೇರೆಯಾದ್ದರಿಂದ ಆಕಳ ಅಂಕಗಳು ಅಲ್ಲಿ ಸಲ್ಲುವುದಿಲ್ಲ. ವೈದ್ಯರೂ ನಾನೂ ಮತ್ತೆ ಮೊದಲಿನಿಂದ ಕೈಯಿಟ್ಟು ಅಂಕ ಬರೆಯುವ ಕೆಲಸವನ್ನು ಈ ವಾರ ಆರಂಭಿಸಿದ್ದೇವೆ.