ಮಗ್ಗುಲಾಗಿ ಮಲಗುವವರ ಬೆನ್ನುನೋವಿಗೆ ಎಂಥ ಹಾಸಿಗೆ?

ಬೆನ್ನು ನೋಯುತ್ತದೆ ಎಂದರೆ ಸಾಕು, ‘ಗಟ್ಟಿ ಹಾಸಿಗೆ ಮೇಲೆ ಮಲಗಿ, ಸರಿಹೋಗುತ್ತೆ’ ಎನ್ನುವವರು ನಾಲ್ಕು ಜನ ಸಿಗುತ್ತಾರೆ. ನನ್ನ ಅಕ್ಕ ಆ ಮಾತು ನಂಬಿ ಹಲಗೆಯಂಥ ಹಾಸಿಗೆ ತಂದಳು. ತಿಂಗಳೊಳಗೆ ಬೆನ್ನಿನ ಜೊತೆ ಭುಜವೂ ನೋಯತೊಡಗಿತು. ನಡುರಾತ್ರಿ ಎದ್ದು, ಜೋಮು ಹಿಡಿದ ಕೈ ತಿಕ್ಕಿಕೊಳ್ಳುತ್ತಾ ಕೂರುತ್ತಿದ್ದಳು. ಅವಳು ಮಲಗುವುದು ಎಡಮಗ್ಗುಲಿಗೆ. ಹಾಸಿಗೆ ಕೊಳ್ಳುವಾಗ ಅದನ್ನು ಯಾರೂ ಕೇಳಿರಲಿಲ್ಲ.

ಅಂಗಾತ ಮಲಗಿದರೆ ಮೈಭಾರ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಮಗ್ಗುಲಾದರೆ ಅದರ ಬಹುಪಾಲು ಭುಜ ಮತ್ತು ಸೊಂಟದ ಮೂಳೆಯ ಮೇಲೆ ಕೂರುತ್ತದೆ. ಹಾಸಿಗೆ ಕಲ್ಲಿನಂತಿದ್ದರೆ ಇವೆರಡೂ ಒಳಗಿಳಿಯುವುದಿಲ್ಲ, ಇವುಗಳ ಮಧ್ಯದ ನಡು ಆಸರೆಯಿಲ್ಲದೆ ಜೋತುಬೀಳುತ್ತದೆ. ತೀರಾ ಮೆತ್ತಗಿದ್ದರೆ ಸೊಂಟ ಹೂತುಹೋಗಿ ಬೆನ್ನುಮೂಳೆ ತೊಟ್ಟಿಲಿನಂತೆ ಬಾಗುತ್ತದೆ. ಭುಜ, ಸೊಂಟಕ್ಕೆ ಜಾಗ ಬಿಡಬೇಕು, ನಡುವನ್ನು ಎತ್ತಿ ಹಿಡಿಯಬೇಕು: ನಿಮಗೆ ಬೇಕಾದ ಹಾಸಿಗೆಯ ಕೆಲಸ ಇಷ್ಟು.

ಸ್ಪೇನ್‌ನಲ್ಲಿ ದೀರ್ಘಕಾಲದ ಬೆನ್ನುನೋವಿದ್ದ 313 ಜನರ ಮೇಲೆ ನಡೆದ ಅಧ್ಯಯನವೊಂದು 2003ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. 90 ದಿನಗಳ ನಂತರ ನೋಡಿದಾಗ, ಗಟ್ಟಿ ಹಾಸಿಗೆಯವರಿಗಿಂತ ಮಧ್ಯಮ ಗಟ್ಟಿ ಹಾಸಿಗೆಯವರಿಗೇ ನೋವು ಹೆಚ್ಚು ಇಳಿದಿತ್ತು. ಹಾಗಾಗಿ ಹುಡುಕಾಟ ಮಧ್ಯಮದಿಂದ ಶುರುವಾಗಲಿ. ಸಣಕಲು ಮೈಯವರು ಅದಕ್ಕಿಂತ ತುಸು ಮೆತ್ತಗಿನದು, ತೂಕ ಹೆಚ್ಚಿರುವವರು ತುಸು ಗಟ್ಟಿಯದು ನೋಡಬೇಕು. ಒಂದೇ ಹಾಸಿಗೆ 50 ಕಿಲೋ ಮೈಗೆ ಗಟ್ಟಿ, 90 ಕಿಲೋ ಮೈಗೆ ಮೆತ್ತಗೆ. ‘ಆರ್ಥೋಪೆಡಿಕ್’ ಎಂಬ ಚೀಟಿ ನೋಡಿ ಮರುಳಾಗಬೇಡಿ, ಆ ಪದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ.

<b>ಮೊದಲು ಹಳೆಯದನ್ನು ಪರೀಕ್ಷಿಸಿ</b>

ಬೆಳಿಗ್ಗೆ ಎದ್ದಾಗ ನೋವು ಜಾಸ್ತಿ, ಓಡಾಡಿದ ಮೇಲೆ ಕಡಿಮೆ, ಬೇರೆ ಕಡೆ ಮಲಗಿದ ದಿನ ಹಾಯೆನಿಸುತ್ತದೆ ಎಂದಾದರೆ ಹಾಸಿಗೆಯ ಮೇಲೆ ಅನುಮಾನಪಡಬಹುದು. ಅದರ ಮೇಲೆ ಉದ್ದನೆಯ ಕೋಲಿಟ್ಟು ನೋಡಿ, ಮಧ್ಯೆ ಗುಂಡಿ ಬಿದ್ದಿದ್ದರೆ ಬದಲಿಸಲೇಬೇಕು. ಗುಂಡಿಯಿಲ್ಲ, ಬರೀ ಗಟ್ಟಿಯಾಗಿದೆ ಎಂದರೆ ಮೇಲೊಂದು 2–3 ಇಂಚಿನ ಮೆತ್ತನೆಯ ಟಾಪರ್ (ಹಾಸಿಗೆಯ ಮೇಲೆ ಹಾಸುವ ತೆಳು ಪದರ) ಹಾಸಿದರೆ ಸಾಕಾಗಬಹುದು. ಗುಂಡಿಯ ಮೇಲೆ ಟಾಪರ್ ಹಾಸಿದರೆ ಅದೂ ಗುಂಡಿಯೊಳಕ್ಕೇ ಇಳಿಯುತ್ತದೆ.

ನೋವು ಕಾಲಿಗೆ ಇಳಿಯುತ್ತಿದ್ದರೆ, ಕಾಲಿನ ಶಕ್ತಿ ಕುಂದಿದ್ದರೆ, ಜ್ವರವಿದ್ದರೆ ಹಾಸಿಗೆಯ ಮಾತು ಆಮೇಲೆ, ವೈದ್ಯರನ್ನು ಕಾಣಿ. ಮೂತ್ರದ ಹಿಡಿತ ತಪ್ಪಿದರೆ ಅಥವಾ ತೊಡೆಸಂದಿಯಲ್ಲಿ ಸ್ಪರ್ಶ ತಿಳಿಯದಾದರೆ ಒಂದು ಗಂಟೆಯೂ ಕಾಯಬೇಡಿ.

<b>ಒಳಗೇನಿದೆ?</b>

ಲ್ಯಾಟೆಕ್ಸ್ (ರಬ್ಬರ್ ಫೋಮ್) ಮೈಗೆ ತಕ್ಕಂತೆ ತಗ್ಗಿ, ಹೊರಳಿದ ಕೂಡಲೇ ಪುಟಿದೇಳುತ್ತದೆ. ಮೆಮೊರಿ ಫೋಮ್ ಮೈಶಾಖಕ್ಕೆ ಮೆತ್ತಗಾಗಿ ಭುಜವನ್ನು ಚೆನ್ನಾಗಿ ಒಳಗೊಳ್ಳುತ್ತದೆ, ಆದರೆ ಸೆಕೆ ತಡೆಯದವರಿಗೆ ಹಿಂಸೆ. ಪಾಕೆಟ್ ಸ್ಪ್ರಿಂಗ್‌ನಲ್ಲಿ ಪ್ರತಿ ಸುರುಳಿಯೂ ತನ್ನದೇ ಬಟ್ಟೆಚೀಲದಲ್ಲಿರುವುದರಿಂದ ಭುಜದ ಕೆಳಗಿನದು ಮಾತ್ರ ತಗ್ಗುತ್ತದೆ. ಸುರುಳಿಗಳನ್ನು ಒಂದಕ್ಕೊಂದು ಹೆಣೆದ ಹಳೇ ಬಗೆಯ ಸ್ಪ್ರಿಂಗ್ ಹಾಸಿಗೆಗೆ ಅದು ಸಾಧ್ಯವಿಲ್ಲ. ಬರೀ ನಾರಿನ ಹಾಸಿಗೆ ಮಗ್ಗುಲಿಗೆ ಬಲು ಗಡುಸು.

ಫೋಮ್‌ನ ಸಾಂದ್ರತೆ ಕೇಳಲು ಮರೆಯಬೇಡಿ. ಸಾಂದ್ರತೆ ಬಾಳಿಕೆಯ ಲೆಕ್ಕ, ಗಟ್ಟಿತನದ್ದಲ್ಲ. ಮೆಮೊರಿ ಫೋಮ್ ಆದರೆ ಘನ ಮೀಟರಿಗೆ 50 ಕಿಲೋಗಿಂತ ಕಡಿಮೆಯದು ಬೇಡ.

<b>ಮಲಗಿ ನೋಡಿ, ಕೂತು ನೋಡಬೇಡಿ</b>

ಅಂಗಡಿಯಲ್ಲಿ ಕೈಯಿಂದ ಒತ್ತಿ ನೋಡಿದರೆ ಏನೂ ತಿಳಿಯದು. ಚಪ್ಪಲಿ ಕಳಚಿ, ದಿಂಬಿಟ್ಟುಕೊಂಡು, ರಾತ್ರಿ ಮಲಗುವ ಮಗ್ಗುಲಿಗೇ ಮಲಗಿ ಕನಿಷ್ಠ ಹತ್ತು ನಿಮಿಷ ಸುಮ್ಮನಿರಿ. ಯಾರೋ ನೋಡುತ್ತಾರೆಂಬ ಸಂಕೋಚ ಬೇಡ, ವರ್ಷಗಟ್ಟಲೆ ಮಲಗುವವರು ನೀವು. ಆಮೇಲೆ ನಡು ಮತ್ತು ಹಾಸಿಗೆಯ ಸಂದಿಗೆ ಅಂಗೈ ತೂರಿಸಿ. ಸಲೀಸಾಗಿ ಆಚೆ ಈಚೆ ಆಡಿದರೆ ಹಾಸಿಗೆ ಗಟ್ಟಿ. ತೂರಿಸಲಾಗದಂತೆ ಸಿಕ್ಕಿಕೊಂಡರೆ ಮೆತ್ತಗಾಗಿರುವ ಸಾಧ್ಯತೆ ಹೆಚ್ಚು. ತುಸು ಬಿಗಿಯಾಗಿ ಜಾರಬೇಕು.

ಜೊತೆಗೆ ಬಂದವರಿಂದ ಬೆನ್ನ ಹಿಂದಿನಿಂದ ಒಂದು ಫೋಟೊ ತೆಗೆಸಿ. ಕುತ್ತಿಗೆಯ ಬುಡದಿಂದ ಬೆನ್ನಿನ ಕೊನೆಯವರೆಗೆ ಬೆನ್ನುಮೂಳೆ ನೆಟ್ಟಗೆ, ನೆಲಕ್ಕೆ ಸಮಾನಾಂತರವಾಗಿ ಕಾಣಬೇಕು. ಅಕ್ಕನಿಗೆ ಎರಡನೇ ಸಲ ಹಾಸಿಗೆ ಆರಿಸಿದ್ದು ಹೀಗೆಯೇ. ಮೂರು ಹಾಸಿಗೆಗಳ ಮೂರು ಫೋಟೊ ಅಕ್ಕಪಕ್ಕ ಇಟ್ಟಾಗ, ಅವಳೇ ಮೆಚ್ಚಿದ್ದ ಮೆತ್ತನೆಯ ಹಾಸಿಗೆಯಲ್ಲಿ ಸೊಂಟ ಕೆಳಗೆ ಕುಸಿದಿದ್ದು ಎದ್ದು ಕಾಣುತ್ತಿತ್ತು.

ದಿಂಬು ತಪ್ಪಿದರೆ ಒಳ್ಳೆಯ ಹಾಸಿಗೆಯೂ ವ್ಯರ್ಥ. ಕಿವಿಯಿಂದ ಭುಜದ ಅಂಚಿನವರೆಗಿನ ಅಂತರವನ್ನು ಅದು ತುಂಬಬೇಕು. ಮೊಣಕಾಲುಗಳ ನಡುವೆ ಇನ್ನೊಂದು ದಿಂಬಿಟ್ಟರೆ ಮೇಲಿನ ಕಾಲು ಸೊಂಟವನ್ನು ತಿರುಚುವುದಿಲ್ಲ. ಮಂಚದ ಪಟ್ಟಿಗಳ ನಡುವಿನ ಸಂದು 3 ಇಂಚು ಮೀರದಿರಲಿ.

ಹೊಸ ಹಾಸಿಗೆಗೆ ಮೈ ಹೊಂದಿಕೊಳ್ಳಲು ಎರಡು ಮೂರು ವಾರ ಬೇಕು. ಆದ್ದರಿಂದ ಒಂದು ತಿಂಗಳಾದರೂ ಬಳಸಿ ಹಿಂತಿರುಗಿಸಲು ಒಪ್ಪುವವರಲ್ಲೇ ಕೊಳ್ಳಿ, ಆ ಷರತ್ತನ್ನು ಬಿಲ್ಲಿನ ಮೇಲೆ ಬರೆಸಿಕೊಳ್ಳಿ.