ಜಪಾನಿನ ಹಳೆಯ ಬಿಸಿನೀರಿನ ಮನೆಯಲ್ಲಿ ಒಂದು ರಾತ್ರಿ ಉಳಿಯುವುದು ಹೇಗೆ?

ಮೊದಲ ಸಲ ನಾವು ರ್ಯೋಕಾನ್ ಬಾಗಿಲಿಗೆ ಬಂದು ನಿಂತಾಗ ರಾತ್ರಿ ಏಳೂವರೆ. ದಿನವಿಡೀ ಊರು ಸುತ್ತಿ ಕೊನೆಯ ಬಸ್ಸು ಹಿಡಿದಿದ್ದೆವು. ಲಾಡ್ಜ್ ತಾನೇ, ಎಷ್ಟೊತ್ತಿಗೆ ಹೋದರೇನು ಅಂತ. ಅಲ್ಲಿ ನೋಡಿದರೆ ಆರು ಗಂಟೆಗೇ ನಮ್ಮ ಊಟ ಸಿದ್ಧವಾಗಿ ಕೂತಿತ್ತು. ಅಡುಗೆಯವರು ಮನೆಗೆ ಹೋಗದೆ ಕಾಯುತ್ತಿದ್ದರು. ಯಾರೂ ಒಂದು ಮಾತು ಆಡಲಿಲ್ಲ. ಬೈದಿದ್ದರೇ ವಾಸಿಯಿತ್ತು ಅನ್ನಿಸಿತು.

ರ್ಯೋಕಾನ್ ಅಂದರೆ ಜಪಾನಿನ ಹಳೆಯ ಪದ್ಧತಿಯ ತಂಗುಮನೆ. ಒನ್ಸೆನ್ ಅಂದರೆ ನೆಲದಿಂದ ಉಕ್ಕುವ ಬಿಸಿನೀರು. ಎರಡೂ ಸೇರಿದ ಕಡೆ ಮಧ್ಯಾಹ್ನ ಮೂರಕ್ಕೆ ಒಳಗೆ ಹೋದರೆ ಮರುದಿನ ಬೆಳಗ್ಗೆ ಹತ್ತಕ್ಕೆ ಹೊರಗೆ. ಆ ಹತ್ತೊಂಬತ್ತು ಗಂಟೆಯಲ್ಲಿ ಸ್ನಾನ ಯಾವಾಗ, ಊಟ ಯಾವಾಗ, ಹಾಸಿಗೆ ಹಾಸುವುದು ಯಾವಾಗ, ಎಲ್ಲ ಆ ಮನೆಯವರ ಲೆಕ್ಕ. ನೀವು ಸುಮ್ನೆ ಒಪ್ಪಿಸಿಕೊಂಡರೆ ಸುಖ. ಮಲಗೋಕೆ ಮಾತ್ರ ಜಾಗ ಬೇಕು ಅನ್ನುವವರು ಸ್ಟೇಷನ್ ಪಕ್ಕದ ಹೋಟೆಲಿನಲ್ಲಿ ಉಳಿಯುವುದೇ ಒಳ್ಳೆಯದು. ದುಡ್ಡಾದರೂ ಉಳಿಯುತ್ತದೆ.

ಮೊದಲು ಊರು, ಆಮೇಲೆ ಮನೆ

‘ಐತಿಹಾಸಿಕ’ ಅನ್ನುವ ಮಾತಿಗೆ ಬೇಗ ಮರುಳಾಗಬೇಡಿ. ಹಳೆಯದು ಹೆಸರೋ ಕಟ್ಟಡವೋ ಅಂತ ಕೇಳಿಕೊಳ್ಳಿ. ಯಾಮಾನಾಶಿ ಪ್ರಾಂತ್ಯದ ಬೆಟ್ಟಗಳ ನಡುವೆ ಇರುವ ನಿಶಿಯಾಮಾ ಒನ್ಸೆನ್ ಕೇಯುನ್‌ಕಾನ್ ಶುರುವಾದದ್ದು 705ರಲ್ಲಿ ಅನ್ನುತ್ತಾರೆ. ನಮ್ಮಲ್ಲಿ ಬಾದಾಮಿ ಚಾಲುಕ್ಯರ ವಿಜಯಾದಿತ್ಯ ಆಳುತ್ತಿದ್ದ ಕಾಲ ಅದು. ಪಟ್ಟದಕಲ್ಲಿನ ವಿರೂಪಾಕ್ಷ ದೇವಾಲಯ ಇನ್ನೂ ಎದ್ದಿರಲಿಲ್ಲ. ಜಗತ್ತಿನ ಅತಿ ಹಳೆಯ ಹೋಟೆಲ್ ಅಂತ 2011ರಲ್ಲಿ ಗಿನ್ನೆಸ್ ದಾಖಲೆಗೆ ಸೇರಿದ್ದೂ ಇದೇ. ಇಶಿಕಾವಾ ಪ್ರಾಂತ್ಯದ ಅವಾಜು ಒನ್ಸೆನ್‌ನಲ್ಲಿರುವ ಹೋಶಿ ರ್ಯೋಕಾನ್ 718ರದ್ದು. ಆದರೆ ಕೇಯುನ್‌ಕಾನ್‌ಗೆ ಹೋಗಿ ಸಾವಿರ ವರ್ಷದ ಕಂಬ ಹುಡುಕಿದರೆ ಸಿಗುವುದಿಲ್ಲ. ಈಗಿನ ಕಟ್ಟಡ ಹೊಸದು.

ಹಳೆಯ ಮರದ ಕಟ್ಟಡವೇ ಬೇಕು ಅಂದರೆ ಗುನ್ಮಾ ಪ್ರಾಂತ್ಯದ ಶಿಮಾ ಒನ್ಸೆನ್‌ನ ಸೆಕಿಜೆನ್‌ಕಾನ್ ನೋಡಿ. ಇದರ ಮುಖ್ಯ ಕಟ್ಟಡ 1691ರದ್ದು. ಕೆಂಪು ಸೇತುವೆ ದಾಟಿ ಒಳಗೆ ಹೋಗಬೇಕು. 1930ರಲ್ಲಿ ಕಟ್ಟಿದ ಇದರ ಸ್ನಾನದ ಮನೆಗೆ ಕಮಾನಿನ ಕಿಟಕಿಗಳಿವೆ, ನೆಲದಲ್ಲಿ ಐದು ಕಲ್ಲಿನ ತೊಟ್ಟಿಗಳಿವೆ. ಬಟ್ಟೆ ಬದಲಿಸುವುದಕ್ಕೆ ಬೇರೆ ಕೋಣೆ ಇಲ್ಲ, ತೊಟ್ಟಿಗಳಿರುವ ಕೋಣೆಯಲ್ಲೇ. ಟೋಕಿಯೊದ ಉಯೆನೊ ನಿಲ್ದಾಣದಿಂದ ನಕಾನೊಜೊವರೆಗೆ ವೇಗದ ರೈಲಿನಲ್ಲಿ ಸುಮಾರು ಎರಡು ಗಂಟೆ, ಅಲ್ಲಿಂದ ಬಸ್ಸಿನಲ್ಲಿ ನಲವತ್ತು ನಿಮಿಷ.

ಹೊಸಬರಿಗೆ ಮಾತ್ರ ನಾನು ಹೇಳುವುದು ಕಿನೊಸಾಕಿ. ಕ್ಯೋಟೊದಿಂದ ರೈಲಿನಲ್ಲಿ ಎರಡೂವರೆ ಗಂಟೆ. 1925ರ ಭೂಕಂಪದಲ್ಲಿ ಊರಿಗೆ ಊರೇ ಸುಟ್ಟುಹೋಗಿ ಮತ್ತೆ ಕಟ್ಟಿಕೊಂಡಿದ್ದು. ಕಾಲುವೆ, ಅದರ ದಡದಲ್ಲಿ ವಿಲ್ಲೋ ಮರಗಳು, ಏಳು ಸಾರ್ವಜನಿಕ ಸ್ನಾನದ ಮನೆಗಳು. ಉಳಿದುಕೊಂಡ ಮನೆಯವರೇ ಅವುಗಳಿಗೆ ಪಾಸ್ ಕೊಡುತ್ತಾರೆ. ಸಂಜೆಯಾದರೆ ಊರಿನ ತುಂಬ ಮರದ ಚಪ್ಪಲಿಗಳ ಟಕ್ ಟಕ್. ಒಂದು ಸ್ನಾನದ ಮನೆಯಲ್ಲಿ ನಾಚಿಕೆಯಾದರೆ ಇನ್ನೊಂದರಲ್ಲಿ ಧೈರ್ಯ ಬರುತ್ತದೆ. ಮೈಮೇಲೆ ಟ್ಯಾಟೂ ಇರುವವರನ್ನು ಜಪಾನಿನ ಬಹಳ ಕಡೆ ತೊಟ್ಟಿಗೆ ಬಿಡುವುದಿಲ್ಲ. ಕಿನೊಸಾಕಿಯ ಏಳೂ ಕಡೆ ಆ ತಕರಾರಿಲ್ಲ.

ಹಳೆಯ ಕಟ್ಟಡಕ್ಕೆ ಹಳೆಯ ಕಷ್ಟಗಳೂ ಇರುತ್ತವೆ. ಕಡಿದಾದ ಮೆಟ್ಟಿಲು, ಲಿಫ್ಟ್ ಇಲ್ಲ, ಪಕ್ಕದ ಕೋಣೆಯ ಗೊರಕೆ ಕೇಳುವಷ್ಟು ತೆಳ್ಳನೆ ಗೋಡೆ. ಕೆಲವು ಕೋಣೆಗೆ ಟಾಯ್ಲೆಟ್ಟೂ ಹೊರಗೆ. ಮಂಡಿನೋವಿನ ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ನೆಲಮಹಡಿ ಕೋಣೆ, ಮಂಚ, ಕುರ್ಚಿ ಮೇಜಿನ ಊಟ ಸಿಗುತ್ತದೆಯಾ ಅಂತ ಮೊದಲೇ ಕೇಳಿ.

ಬುಕ್ ಮಾಡುವಾಗ

ಇಲ್ಲಿ ಬೆಲೆ ಕೋಣೆಗೆ ಅಲ್ಲ, ತಲೆಗೆ. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ಸಾಧಾರಣ ಮನೆಯಲ್ಲಿ ಒಬ್ಬರಿಗೆ 15,000ದಿಂದ 30,000 ಯೆನ್. ಹೆಸರುವಾಸಿ ಕಡೆ ಇನ್ನೂ ಜಾಸ್ತಿ. ಇದರ ಮೇಲೆ ಸ್ನಾನದ ತೆರಿಗೆ ಅಂತ ಒಬ್ಬರಿಗೆ ಸಾಮಾನ್ಯವಾಗಿ 150 ಯೆನ್. ಶನಿವಾರ ರಾತ್ರಿ ಬೆಲೆ ಏರುತ್ತದೆ. ಚಿಕ್ಕ ಮನೆಗಳಲ್ಲಿ ಕಾರ್ಡ್ ನಡೆಯದೆ ಇರಬಹುದು. ನಗದು ಇಟ್ಟುಕೊಳ್ಳಿ.

ನೀರಿನ ಬಗ್ಗೆಯೂ ಒಂದು ಪ್ರಶ್ನೆ ಕೇಳಬೇಕು. ಜಪಾನಿನಲ್ಲಿ ಒನ್ಸೆನ್ ಅನ್ನುವುದಕ್ಕೆ 1948ರ ಕಾನೂನೇ ಇದೆ. ಬುಗ್ಗೆಯ ಬಾಯಲ್ಲಿ ನೀರು 25 ಡಿಗ್ರಿಯಾದರೂ ಬೆಚ್ಚಗಿರಬೇಕು, ಇಲ್ಲವೇ ಅದರಲ್ಲಿ ಗೊತ್ತುಮಾಡಿದ ಖನಿಜಗಳಲ್ಲಿ ಒಂದಾದರೂ ತಕ್ಕಷ್ಟು ಇರಬೇಕು. ಅಂದರೆ ಒನ್ಸೆನ್ ಅಂತ ಬೋರ್ಡ್ ಇದ್ದ ಕಡೆಯೆಲ್ಲ ಕುದಿಯುವ ನೀರೇ ಬರಬೇಕೆಂದಿಲ್ಲ. ಕೆಲವು ಕಡೆ ಕಾಯಿಸಿ, ಸೋಸಿ, ಕ್ಲೋರಿನ್ ಹಾಕಿ, ಅದೇ ನೀರನ್ನು ಮತ್ತೆ ಬಿಡುತ್ತಾರೆ. ಬುಗ್ಗೆಯ ನೀರು ಒಂದು ಕಡೆಯಿಂದ ಬಂದು ತೊಟ್ಟಿ ತುಂಬಿ ಹೊರಗೆ ಹರಿದುಹೋಗುವ ಪದ್ಧತಿಗೆ ‘ಗೆನ್ಸೆನ್ ಕಾಕೆನಾಗಾಶಿ’ ಅನ್ನುತ್ತಾರೆ. ಅಷ್ಟು ದುಡ್ಡು ಕೊಟ್ಟು ಹೋಗುವಾಗ ಈ ಎರಡು ಪದ ಇರುವ ಮನೆ ಹುಡುಕಿ.

ಇನ್ನು ಸಸ್ಯಾಹಾರಿಗಳ ವಿಷಯ. ಇದನ್ನು ಹೇಳದೆ ಮುಂದೆ ಹೋದರೆ ಓದುಗರು ನನ್ನನ್ನು ಬಿಡುವುದಿಲ್ಲ. ‘ವೆಜಿಟೇರಿಯನ್’ ಅಂದರೆ ಸಾಲದು. ಜಪಾನಿನ ಅಡುಗೆಯ ಬೇರು ದಾಶಿ ಅನ್ನುವ ಸಾರಿನ ನೀರಿನಲ್ಲಿದೆ. ಅದನ್ನು ಬಹುತೇಕ ಒಣಗಿಸಿದ ಮೀನಿನಿಂದ ಇಳಿಸುತ್ತಾರೆ. ಬೇಯಿಸಿದ ಕುಂಬಳಕಾಯಿ, ಮಿಸೊ ಸೂಪ್, ನೂಡಲ್ಸ್, ಎಲ್ಲದರಲ್ಲೂ ಅದು. ಕಣ್ಣಿಗೆ ಬರೀ ತರಕಾರಿ ಕಾಣುತ್ತದೆ, ಅಷ್ಟೆ. ಮಾಂಸ ಬೇಡ, ಮೀನು ಬೇಡ, ಮೀನಿನ ದಾಶಿಯೂ ಬೇಡ, ಮೊಟ್ಟೆ ಆಗುತ್ತದೆ ಅಥವಾ ಆಗುವುದಿಲ್ಲ ಅಂತ ಬಿಡಿಸಿ, ಬುಕ್ ಮಾಡುವ ಹೊತ್ತಿಗೇ ಬರೆಯಿರಿ. ಅಲ್ಲಿ ಹೋಗಿ ಕೂತು ಹೇಳಿದರೆ ಅವರಿಗೂ ಸಂಕಟ, ನಿಮಗೂ ಉಪವಾಸ. ಆಗುವುದಿಲ್ಲ ಅಂತ ಅವರು ಉತ್ತರ ಕೊಟ್ಟರೆ ಬೇಸರ ಬೇಡ. ಊಟ ಬಿಟ್ಟು ಬರೀ ಕೋಣೆ ಕೊಡುವ ಮನೆಗಳೂ ಇವೆ. ಊಟವೇ ಮುಖ್ಯ ಅನ್ನುವವರಿಗೆ ಕೋಯಾಸಾನ್ ಬೆಟ್ಟದ ಬೌದ್ಧ ಮಠಗಳಿವೆ. ಅಲ್ಲಿ ಮೀನು, ಮಾಂಸ ಇಲ್ಲದ ಶೋಜಿನ್ ಅಡುಗೆ ಹಾಕುತ್ತಾರೆ. ಅಲ್ಲಿ ಬಿಸಿನೀರಿನ ಬುಗ್ಗೆ ಮಾತ್ರ ಅಪರೂಪ. ನಮ್ಮಮ್ಮನ ಉಪಾಯ ಇನ್ನೂ ಸುಲಭ. ಬ್ಯಾಗಿನಲ್ಲಿ ಚಟ್ನಿಪುಡಿ ಡಬ್ಬಿ. ಬಿಳಿ ಅನ್ನ ಅಂತೂ ಎಲ್ಲ ಕಡೆ ಸಿಗುತ್ತದೆ.

ಮೂರು ಗಂಟೆಗೆ ಬಾಗಿಲಲ್ಲಿರಿ

ದೊಡ್ಡ ಸೂಟ್‌ಕೇಸನ್ನು ಕೊರಿಯರ್‌ನಲ್ಲಿ ಮುಂದಿನ ಊರಿನ ಹೋಟೆಲಿಗೆ ಕಳಿಸಿಬಿಡಿ. ಜಪಾನಿನಲ್ಲಿ ಇದು ದಿನನಿತ್ಯದ ಕೆಲಸ, ಹೋಟೆಲಿನವರೇ ಮಾಡಿಕೊಡುತ್ತಾರೆ. ಒಂದು ರಾತ್ರಿಗೆ ಬೇಕಾದ್ದು ಒಂದು ಕೈಚೀಲದಲ್ಲಿ ಹಿಡಿಯುತ್ತದೆ. ಪಾಸ್‌ಪೋರ್ಟ್ ಮರೆಯಬೇಡಿ, ಅದರ ಪ್ರತಿ ಇಟ್ಟುಕೊಳ್ಳುತ್ತಾರೆ.

ಬಾಗಿಲಲ್ಲಿ ಶೂ ಬಿಚ್ಚುವುದು ನಮಗೆ ಹೇಳಿಕೊಡಬೇಕಾಗಿಲ್ಲ. ಕಷ್ಟ ಇರುವುದು ಆಮೇಲಿನ ಚಪ್ಪಲಿಗಳಲ್ಲಿ. ಹಜಾರದಲ್ಲಿ ನಡೆಯಲು ಒಂದು ಜೊತೆ ಕೊಡುತ್ತಾರೆ. ತತಾಮಿ ಚಾಪೆಯ ಕೋಣೆ ಬಂದ ಕೂಡಲೇ ಅದನ್ನೂ ಬಿಟ್ಟು ಬರಿಗಾಲಲ್ಲೋ ಕಾಲುಚೀಲದಲ್ಲೋ ಒಳಗೆ ಹೋಗಬೇಕು. ಟಾಯ್ಲೆಟ್ಟಿಗೆ ಬೇರೆಯೇ ಒಂದು ಜೊತೆ, ಅದು ಆ ಬಾಗಿಲು ದಾಟಿ ಹೊರಗೆ ಬರುವಂತಿಲ್ಲ. ನಾನು ಅದನ್ನೇ ಹಾಕಿಕೊಂಡು ಹಜಾರದ ಉದ್ದಕ್ಕೂ ಠೀವಿಯಿಂದ ನಡೆದಿದ್ದೇನೆ. ಎದುರು ಬಂದ ಅಜ್ಜಿಯೊಬ್ಬರು ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಕ್ಕಾಗಲೇ ಗೊತ್ತಾಗಿದ್ದು. ಮಡಿ ಮೈಲಿಗೆ ನಮ್ಮಜ್ಜಿಗೆ ಮಾತ್ರ ಗೊತ್ತು ಅಂದುಕೊಂಡಿದ್ದೆ!

ಕೋಣೆಯಲ್ಲಿ ಸೂಟ್‌ಕೇಸಿನ ಚಕ್ರ ತತಾಮಿಯ ಮೇಲೆ ಉರುಳಿಸಬೇಡಿ. ಗೋಡೆಯಲ್ಲಿ ಒಂದು ಗೂಡು ಇರುತ್ತದೆ, ಒಂದು ಚಿತ್ರಪಟ, ಒಂದು ಹೂವು ಇಟ್ಟಿರುತ್ತಾರೆ. ಬ್ಯಾಗ್ ಇಡೋಕೆ ಮಾಡಿಸಿದ ಹಾಗೇ ಕಾಣುತ್ತದೆ. ಇಡಬೇಡಿ. ಅದು ತೊಕೊನೊಮಾ, ಕೋಣೆಯ ಗೌರವದ ಜಾಗ. ಮೇಜಿನ ಮೇಲೆ ಚಹಾ ಮತ್ತು ಒಂದು ಸಿಹಿ ಇರುತ್ತದೆ, ಅದನ್ನು ತಿನ್ನಿ. ಖಾಲಿ ಹೊಟ್ಟೆಯಲ್ಲಿ ಬಿಸಿನೀರಿಗಿಳಿದರೆ ತಲೆ ಸುತ್ತುತ್ತದೆ.

ಆಮೇಲೆ ಯುಕಾತಾ ಅನ್ನುವ ಹತ್ತಿ ನಿಲುವಂಗಿಗೆ ಬದಲಾಯಿಸಿಕೊಳ್ಳಿ. ಬಲ ಅಂಚನ್ನು ಮೊದಲು ಮೈಗೆ ಸುತ್ತಿ, ಎಡ ಅಂಚು ಅದರ ಮೇಲೆ ಬರಬೇಕು. ಗಂಡಸರಿಗೂ ಹೆಂಗಸರಿಗೂ ಒಂದೇ ಕ್ರಮ. ತಿರುಗುಮುರುಗಾದರೆ ಹೆಣಕ್ಕೆ ಉಡಿಸುವ ರೀತಿಯಾಗುತ್ತದೆ. ಮನೆಯೊಳಗೆ, ಊಟಕ್ಕೆ, ಒನ್ಸೆನ್ ಊರಿನ ಬೀದಿಗೆ, ಎಲ್ಲಕ್ಕೂ ಇದೇ ಉಡುಪು ಸಾಕು.

ಸ್ನಾನ: ಇದೇ ದೊಡ್ಡ ಮೆಟ್ಟಿಲು

‘ಅಯ್ಯೋ, ಎಲ್ಲರ ಮುಂದೆ ಬಟ್ಟೆ ಇಲ್ಲದೆಯಾ? ನಾನು ಬರಲ್ಲಮ್ಮ’ ಅಂದಿದ್ದಳು ಅಮ್ಮ. ಹೌದು, ಬಟ್ಟೆ ಇಲ್ಲದೆಯೇ. ಈಜುಡುಗೆಯೂ ನಡೆಯುವುದಿಲ್ಲ. ಗಂಡಸರಿಗೆ ಬೇರೆ, ಹೆಂಗಸರಿಗೆ ಬೇರೆ ತೊಟ್ಟಿ. ಬಾಗಿಲಿಗೆ ಬಟ್ಟೆಯ ಪರದೆ ಕಟ್ಟಿರುತ್ತಾರೆ, ಹೆಚ್ಚಾಗಿ ನೀಲಿ ಗಂಡಸರಿಗೆ, ಕೆಂಪು ಹೆಂಗಸರಿಗೆ. ಬಣ್ಣವೊಂದನ್ನೇ ನಂಬಬೇಡಿ. ಪರದೆಯ ಮೇಲೆ ಬರೆದ ‘ಗಂಡಸು’ ಅನ್ನುವ ಅಕ್ಷರದ ಮೇಲ್ಭಾಗ ನಾಲ್ಕು ಗಾಜಿನ ಕಿಟಕಿಯ ಹಾಗಿರುತ್ತದೆ. ಅದು ಗದ್ದೆಯ ಚಿತ್ರ. ಹೆಂಗಸರದ್ದರಲ್ಲಿ ಕಿಟಕಿ ಇಲ್ಲ. ರಾತ್ರಿ ಕಳೆದು ಬೆಳಗಾಗುವಾಗ ಎರಡು ಕಡೆಯ ಪರದೆಗಳನ್ನು ಅದಲುಬದಲು ಮಾಡುವ ಮನೆಗಳು ಬಹಳ. ಎರಡೂ ತೊಟ್ಟಿ ಎಲ್ಲರಿಗೂ ಸಿಗಲಿ ಅಂತ. ಹಾಗಾಗಿ ನಿನ್ನೆ ಹೋದ ಬಾಗಿಲಿಗೆ ಇವತ್ತು ನಿದ್ದೆಗಣ್ಣಲ್ಲಿ ನುಗ್ಗಬೇಡಿ.

ಒಳಗೆ ಹೋದ ಮೇಲೆ ಬಟ್ಟೆಯೆಲ್ಲ ಬುಟ್ಟಿಗೆ. ಬೆಳ್ಳಿ ಉಂಗುರ, ಕಾಲುಂಗುರ, ಉಡಿದಾರ ಕೋಣೆಯಲ್ಲೇ ಬಿಟ್ಟು ಬನ್ನಿ. ಗಂಧಕದ ನೀರಾದರೆ ಬೆಳ್ಳಿ ಕಪ್ಪಾಗುತ್ತದೆ. ಕೈಯಲ್ಲಿ ಒಂದು ಸಣ್ಣ ಟವೆಲ್ ಮಾತ್ರ. ಗೋಡೆಯ ಉದ್ದಕ್ಕೂ ಮೋಟು ಸ್ಟೂಲು, ಶವರ್, ಸೋಪು ಇರುತ್ತವೆ. ಕೂತುಕೊಂಡು ತಲೆಯಿಂದ ಕಾಲವರೆಗೆ ಉಜ್ಜಿ ತೊಳೆಯಿರಿ. ನಿಂತರೆ ಪಕ್ಕದವರಿಗೆ ಸಿಡಿಯುತ್ತದೆ. ನೊರೆ ಒಂದು ಚೂರೂ ಉಳಿಯಬಾರದು. ಸ್ನಾನ ಮುಗಿಸಿ ತೊಟ್ಟಿಗೆ ಇಳಿಯುವುದು ಇಲ್ಲಿನ ಕ್ರಮ. ತೊಟ್ಟಿ ಕೊಳೆ ತೊಳೆಯುವುದಕ್ಕಲ್ಲ, ನೆನೆಯುವುದಕ್ಕೆ.

ಇಳಿಯುವ ಮುಂಚೆ ಬೋಗುಣಿಯಲ್ಲಿ ತೊಟ್ಟಿಯ ನೀರು ಮೊಗೆದು ಕಾಲಿಗೆ, ಆಮೇಲೆ ಮೇಲಕ್ಕೆ ಹೊಯ್ದುಕೊಳ್ಳಿ. ಬಿಸಿ ಸಾಮಾನ್ಯವಾಗಿ 40ರಿಂದ 42 ಡಿಗ್ರಿ. ಹಂಡೆ ನೀರು ಹೊಯ್ದುಕೊಂಡು ಬೆಳೆದವರಿಗೆ ಅದೇನು ಮಹಾ ಅನ್ನಿಸಬಹುದು. ಹೊಯ್ದುಕೊಳ್ಳುವುದು ಬೇರೆ, ಕುತ್ತಿಗೆಯವರೆಗೆ ಮುಳುಗಿ ಕೂರುವುದು ಬೇರೆ. ಮೊದಲ ಸಲ ಐದು ನಿಮಿಷ ಸಾಕು. ಎದ್ದು ಅಂಚಿನಲ್ಲಿ ಕೂತು ತಣಿದು ಮತ್ತೆ ಇಳಿಯಿರಿ. ಟವೆಲ್ ನೀರಿಗೆ ಅದ್ದಬಾರದು, ಮಡಚಿ ತಲೆಯ ಮೇಲೆ ಇಟ್ಟುಕೊಳ್ಳುತ್ತಾರೆ. ಉದ್ದ ಕೂದಲು ಮೇಲಕ್ಕೆ ಕಟ್ಟಿ. ಫೋನ್ ತರಲೇಬೇಡಿ. ಕುಡಿದು ಇಳಿಯುವುದು ಅಪಾಯ. ಬಿಪಿ, ಹೃದಯದ ತೊಂದರೆ ಇರುವವರು, ಬಸುರಿಯರು ಡಾಕ್ಟರನ್ನು ಕೇಳಿಯೇ ಹೋಗಿ.

ಒಳಗೆ ಯಾರೂ ನಿಮ್ಮನ್ನು ನೋಡುವುದಿಲ್ಲ. ಎಲ್ಲರೂ ಕಣ್ಣು ಮುಚ್ಚಿಕೊಂಡೋ, ಹೊರಗಿನ ಮರ ನೋಡಿಕೊಂಡೋ ಕೂತಿರುತ್ತಾರೆ. ಅಷ್ಟಾದರೂ ಆಗುವುದೇ ಇಲ್ಲ ಅನ್ನುವವರು ‘ಕಾಶಿಕಿರಿ’ ಇದೆಯಾ ಅಂತ ಕೇಳಿ. ಮುಕ್ಕಾಲು ಗಂಟೆಯೋ ಏನೋ ಒಂದು ಚಿಕ್ಕ ತೊಟ್ಟಿಯನ್ನು ನಿಮ್ಮ ಮನೆಯವರಿಗೆ ಮಾತ್ರ ಬಿಟ್ಟುಕೊಡುತ್ತಾರೆ. ಅಮ್ಮ ಮೊದಲು ಹೋಗಿದ್ದು ಅಲ್ಲಿಗೇ. ಬೆಳಗ್ಗೆ ನಾನು ಏಳುವಷ್ಟರಲ್ಲಿ ದೊಡ್ಡ ತೊಟ್ಟಿಗೂ ಒಬ್ಬಳೇ ಹೋಗಿಬಂದಿದ್ದಳು. ಕೇಳಿದರೆ ‘ಯಾರೂ ಇರಲಿಲ್ಲ ಕಣೆ’ ಅಂದಳು.

ಮೇಲೆ ಬಂದ ಮೇಲೆ ಮೈ ಒರೆಸಿಕೊಂಡೇ ಬಟ್ಟೆ ಕೋಣೆಗೆ ಹೋಗಿ. ನೆಲ ಒದ್ದೆ ಮಾಡಿದರೆ ಮುಖ ಸಿಂಡರಿಸುತ್ತಾರೆ. ಎರಡು ಲೋಟ ನೀರು ಕುಡಿಯಿರಿ.

ಊಟ, ಹಾಸಿಗೆ

ಊಟ ಆರಕ್ಕೋ ಆರೂವರೆಗೋ, ಕೋಣೆಯಲ್ಲೋ ಊಟದ ಮನೆಯಲ್ಲೋ. ಅಂಗೈಯಗಲದ ತಟ್ಟೆಗಳು ಒಂದಾದ ಮೇಲೊಂದು ಬರುತ್ತವೆ. ಹಸಿ ಮೀನು, ಸುಟ್ಟದ್ದು, ಬೇಯಿಸಿದ್ದು, ಹೀಗೆ. ಅನ್ನ ಬರುವುದು ಕೊನೆಗೆ, ಸೂಪು ಉಪ್ಪಿನಕಾಯಿ ಜತೆ. ಅನ್ನಕ್ಕಾಗಿ ಕಾದು ಮೊದಲಿನದ್ದನ್ನೆಲ್ಲ ತಣ್ಣಗಾಗಿಸಬೇಡಿ. ಚಾಪ್‌ಸ್ಟಿಕ್ ಅನ್ನದಲ್ಲಿ ನೆಟ್ಟಗೆ ಚುಚ್ಚಿಡಬೇಡಿ. ಅದು ಸತ್ತವರಿಗೆ ಎಡೆ ಇಡುವ ರೀತಿ.

ಊಟ ಮುಗಿಸಿ ಬರುವಷ್ಟರಲ್ಲಿ ಮೇಜು ಬದಿಗೆ ಸರಿದು ತತಾಮಿಯ ಮೇಲೆ ಫುತೋನ್ ಹಾಸಿಗೆ ಬಿದ್ದಿರುತ್ತದೆ. ದಿಂಬು ಗಟ್ಟಿ ಅನ್ನಿಸಿದರೆ ಸಣ್ಣ ಟವೆಲ್ ಸುತ್ತಿ ಇಟ್ಟುಕೊಳ್ಳಿ. ಮಲಗುವ ಮುಂಚೆ ಇನ್ನೊಂದು ಸಲ ನೀರಿಗೆ ಹೋಗಿ. ರಾತ್ರಿ ಹತ್ತರ ಮೇಲೆ ತೊಟ್ಟಿ ಬಹುಪಾಲು ಖಾಲಿ.

ಹೊರಡುವಾಗ

ತಿಂಡಿ ಎಂಟರ ಹೊತ್ತಿಗೆ, ಕೋಣೆ ಬಿಡುವುದು ಹತ್ತಕ್ಕೆ. ಫುತೋನ್ ಮಡಚಿ ಬೀರುವಿಗೆ ಇಡಬೇಕಾಗಿಲ್ಲ, ಒಂದಿಷ್ಟು ಸರಿಮಾಡಿದರೆ ಸಾಕು. ಟಿಪ್ಸ್ ಕೊಡುವ ಪದ್ಧತಿ ಇಲ್ಲ. ಮೇಜಿನ ಮೇಲೆ ನೋಟು ಬಿಟ್ಟುಬಂದರೆ ಮರೆತು ಹೋದರು ಅಂತ ಹಿಂದೆಯೇ ಓಡಿಬಂದಾರು. ಬೆಟ್ಟದ ಊರಿಗೆ ಬಸ್ಸು ಕಡಿಮೆ, ಸಮಯವನ್ನು ಹಿಂದಿನ ರಾತ್ರಿಯೇ ಕೇಳಿಟ್ಟುಕೊಳ್ಳಿ. ಮನೆಯ ಹೆಸರು ಅಚ್ಚಾದ ಸಣ್ಣ ಟವೆಲನ್ನು ಸಾಮಾನ್ಯವಾಗಿ ನೀವೇ ಇಟ್ಟುಕೊಳ್ಳಬಹುದು. ಯುಕಾತಾವನ್ನು ಮಾತ್ರ ಬ್ಯಾಗಿಗೆ ತುಂಬಿಕೊಂಡು ಬರಬೇಡಿ.