ಹಾಜರಿ ಪುಸ್ತಕವನ್ನು ಅಡ್ಡಸಾಲಿನಲ್ಲಿ ಓದಿ: ಮಕ್ಕಳು ದಿನಾ, ಹೊತ್ತಿಗೆ ಸರಿಯಾಗಿ ಬರಲು ನಾವು ಮಾಡಿದ್ದು

ತಿಂಗಳ ಕೊನೆಯಲ್ಲಿ ಹಾಜರಿ ಪುಸ್ತಕದ ಕೆಳಗೆ ಬರೆಯುವ ಸರಾಸರಿಯನ್ನು ನಂಬಿ ಕೂತರೆ ಏನೂ ಕಾಣುವುದಿಲ್ಲ. ಲೆಕ್ಕ ಹಾಕಿ ನೋಡಿ. ತರಗತಿಯಲ್ಲಿ 30 ಮಕ್ಕಳು, ವರ್ಷಕ್ಕೆ 200 ಶಾಲಾ ದಿನ, ಸರಾಸರಿ ಹಾಜರಾತಿ ಶೇ. 93. ಕೇಳಲು ಚೆನ್ನಾಗಿದೆ. ಆದರೆ ಒಟ್ಟು 6,000 ಹಾಜರಿಗಳಲ್ಲಿ 420 ತಪ್ಪಿವೆ. ಎಲ್ಲರಿಗೂ ಸಮನಾಗಿ ಹಂಚಿದರೆ ತಲೆಗೆ 14 ದಿನ. ಹಾಗೆ ಸಮನಾಗಿ ಇರುವುದು ಅಪರೂಪ. ಅದರಲ್ಲಿ ಅರ್ಧ, ಅಂದರೆ 210 ದಿನ, ಐದೇ ಮಕ್ಕಳ ಹೆಸರಿನ ಮುಂದೆ ಇದ್ದರೆ ಒಬ್ಬೊಬ್ಬರಿಗೂ 42 ದಿನ ಆಯಿತು. ಸುಮಾರು ಎರಡು ತಿಂಗಳ ಪಾಠ ಹೋಯಿತು, ಸರಾಸರಿ ಮಾತ್ರ 93ರಲ್ಲೇ ನಿಂತಿದೆ.

ಆದ್ದರಿಂದ ನಾವು ಪುಸ್ತಕವನ್ನು ಮೇಲಿಂದ ಕೆಳಕ್ಕೆ ಓದುವುದನ್ನು ಬಿಟ್ಟು ಎಡದಿಂದ ಬಲಕ್ಕೆ, ಒಂದೊಂದು ಮಗುವಿನ ಸಾಲು ಹಿಡಿದು ಓದಲು ಶುರು ಮಾಡಿದೆವು. ಇಂಗ್ಲೆಂಡ್, ಅಮೆರಿಕಗಳಲ್ಲಿ ಶಾಲಾ ದಿನಗಳಲ್ಲಿ ಶೇ. 10 ಅಥವಾ ಅದಕ್ಕಿಂತ ಹೆಚ್ಚು ತಪ್ಪಿಸಿದ ಮಗುವನ್ನು ನಿರಂತರ ಗೈರುಹಾಜರಿಯ ಮಗು ಎಂದು ಎಣಿಸುತ್ತಾರೆ. ನಾವೂ ಅದೇ ಗೆರೆ ಇಟ್ಟುಕೊಂಡೆವು. 200 ದಿನದ ವರ್ಷದಲ್ಲಿ ಅದು 20 ದಿನ, ಅಂದರೆ ಹೆಚ್ಚುಕಡಿಮೆ ತಿಂಗಳಿಗೆ 2 ದಿನ. ಇದು ಗೊತ್ತಾದ ಮೇಲೆ ವರ್ಷದ ಕೊನೆಯವರೆಗೆ ಕಾಯುವ ಮಾತೇ ಇಲ್ಲ. ಒಂದು ತಿಂಗಳಲ್ಲಿ 2 ದಿನ ತಪ್ಪಿದರೆ ಹೆಸರಿನ ಪಕ್ಕ ಪೆನ್ಸಿಲಿನಲ್ಲಿ ಒಂದು ಚುಕ್ಕೆ, 3 ದಿನ ತಪ್ಪಿದರೆ ಒಂದು ಸೊನ್ನೆ. ಸೊನ್ನೆ ಬಿದ್ದ ಮಗುವಿನ ಬಗ್ಗೆ ಆ ವಾರವೇ ಏನಾದರೂ ಮಾಡಲೇಬೇಕು.

ಬರೀ ಗೈರು ಎಂದು ಗುರುತು ಹಾಕಿದರೆ ಸಾಲದು, ಕಾರಣವೂ ಅದೇ ಚೌಕದಲ್ಲಿ ಇರಬೇಕು. ಐದು ಗುರುತು ಸಾಕು: ‘ಕಾ’ ಎಂದರೆ ಕಾಯಿಲೆ, ‘ಮ’ ಮನೆಯ ಕೆಲಸ (ತಮ್ಮ ತಂಗಿಯನ್ನು ನೋಡಿಕೊಳ್ಳಲು ಉಳಿದದ್ದೂ ಇದರಲ್ಲೇ), ‘ಊ’ ಬೇರೆ ಊರಿಗೆ ಹೋದದ್ದು, ‘ಒ’ ಮಗುವೇ ಒಲ್ಲೆ ಅಂದದ್ದು, ಕೊನೆಯದು ಪ್ರಶ್ನೆಯ ಚಿಹ್ನೆ. ಪ್ರಶ್ನೆಯ ಚಿಹ್ನೆ ಪೆನ್ಸಿಲಿನಲ್ಲೇ ಇರಬೇಕು, ಸಂಜೆಯೊಳಗೆ ಬೇರೆ ನಾಲ್ಕರಲ್ಲಿ ಒಂದಾಗಿ ಬದಲಾಗಬೇಕು. ಎರಡು ದಿನ ಪ್ರಶ್ನೆಯಾಗಿಯೇ ಉಳಿದರೆ ಆ ಮನೆಗೆ ನಮ್ಮ ಮಾತು ತಲುಪುತ್ತಿಲ್ಲ ಎಂದರ್ಥ: ಫೋನ್ ನಂಬರ್ ಬದಲಾಗಿರುತ್ತದೆ, ಇಲ್ಲವೇ ಮನೆಯನ್ನೇ ಬದಲಿಸಿರುತ್ತಾರೆ. ಅದಕ್ಕೇ ಪ್ರತಿ ಮಗುವಿಗೂ ಕನಿಷ್ಠ ಎರಡು ನಂಬರ್ ಬರೆದಿಟ್ಟು ಮೂರು ತಿಂಗಳಿಗೊಮ್ಮೆ ಪರೀಕ್ಷಿಸುತ್ತೇವೆ.

ಶುಕ್ರವಾರ ಶಾಲೆ ಬಿಟ್ಟ ಮೇಲೆ 20 ನಿಮಿಷ ಈ ಸಾಲುಗಳನ್ನು ಓದುತ್ತೇವೆ. ಗುರುತುಗಳು ಒಂದರ ಪಕ್ಕ ಒಂದು ಬಂದಾಗ ಕಥೆ ತಾನೇ ಬಿಚ್ಚಿಕೊಳ್ಳುತ್ತದೆ. ಸೋಮವಾರಗಳೇ ತಪ್ಪುತ್ತಿದ್ದರೆ ವಾರದ ಕೊನೆಗೆ ಮಗು ಬೇರೆ ಮನೆಯಲ್ಲಿ ಇರುತ್ತದೆಯೇ ಎಂದು ಕೇಳಬೇಕು. ಅಕ್ಕ ತಮ್ಮ ಇಬ್ಬರೂ ಒಂದೇ ದಿನ ತಪ್ಪಿದರೆ ಕಾರಣ ಮನೆಯಲ್ಲಿದೆ. ಅಕ್ಕ ಮಾತ್ರ ತಪ್ಪಿ ತಮ್ಮ ಬಂದಿದ್ದರೆ ಅಕ್ಕನ ಮೇಲೆ ಯಾವುದೋ ಕೆಲಸ ಬಿದ್ದಿದೆ. ವಾರದ ಅದೇ ದಿನ ಮತ್ತೆ ಮತ್ತೆ ತಪ್ಪಿದರೆ ಆ ದಿನದ ವೇಳಾಪಟ್ಟಿ ನೋಡಬೇಕು. ಬಾಯಿಪಾಠ ಒಪ್ಪಿಸುವ ದಿನವೋ, ಕಿರುಪರೀಕ್ಷೆಯ ದಿನವೋ ಆಗಿರುತ್ತದೆ. ಇದನ್ನು ತರಗತಿ ಶಿಕ್ಷಕರು ಒಬ್ಬರೇ ಕೂತು ನೋಡಿದರೆ ಅರ್ಧ ತಪ್ಪಿಹೋಗುತ್ತದೆ. ಒಡಹುಟ್ಟಿದವರ ತರಗತಿಗಳ ಪುಸ್ತಕ ಪಕ್ಕದಲ್ಲಿರಬೇಕು.

ಇನ್ನು ಫೋನ್. ಮಗು ಬಾರದ ಮೊದಲ ದಿನವೇ, ಹಾಜರಿ ಕೂಗಿದ ಒಂದು ಗಂಟೆಯೊಳಗೆ ಮನೆಗೆ ಕರೆ ಹೋಗಬೇಕು. ಮೂರನೇ ದಿನ ಮಾಡಿದ ಕರೆ ವಿಚಾರಣೆಯಂತೆ ಕೇಳಿಸುತ್ತದೆ, ಮೊದಲ ದಿನದ್ದು ಕಾಳಜಿಯಂತೆ. ಮಾತು ಹೀಗಿರಲಿ: ‘ನಮಸ್ಕಾರ, ಮಗು ಇವತ್ತು ಕಾಣಲಿಲ್ಲ. ಹುಷಾರಾಗಿದ್ದಾಳಾ? ನಾಳೆ ಬರ್ತಾಳಾ? ಪಾಠ ಎತ್ತಿಟ್ಟಿರ್ತೀವಿ.’ ಇಷ್ಟೇ. ‘ಯಾಕೆ ಕಳಿಸಲಿಲ್ಲ’ ಎಂದು ಶುರು ಮಾಡಿದರೆ ಜ್ವರ ಎಂಬ ಒಂದೇ ಉತ್ತರ ಬರುತ್ತದೆ, ನಿಜವಾದ ಕಾರಣ ಮುಚ್ಚಿಹೋಗುತ್ತದೆ. ಎಲ್ಲರಿಗೂ ಒಂದೇ ಸಂದೇಶವನ್ನು ಗುಂಪಿಗೆ ಹಾಕುವುದನ್ನು ನಾವು ಬಿಟ್ಟಿದ್ದೇವೆ. ದಿನಾ ಮಕ್ಕಳನ್ನು ಕಳಿಸುವವರು ಅದನ್ನು ಓದಿ ಬೇಸರಪಡುತ್ತಾರೆ, ಕಳಿಸದವರು ಅದು ತಮಗೆ ಹೇಳಿದ್ದೆಂದು ಅಂದುಕೊಳ್ಳುವುದಿಲ್ಲ.

ಸೊನ್ನೆ ಬಿದ್ದ ಮಗುವಿನ ಮನೆಗೆ ಒಂದು ಚೀಟಿ ಹೋಗುತ್ತದೆ. ಅದರಲ್ಲಿ ಶಾಲೆ ಶುರುವಾದ ದಿನದಿಂದ ಇಲ್ಲಿಯವರೆಗೆ ಆ ಮಗು ತಪ್ಪಿಸಿದ ಒಟ್ಟು ದಿನಗಳ ಸಂಖ್ಯೆ ದೊಡ್ಡದಾಗಿ ಇರುತ್ತದೆ, ಜೊತೆಗೆ ಎರಡು ಸಾಲು ಒಳ್ಳೆಯ ಮಾತು. ಇದು ಚಿಕ್ಕ ಕೆಲಸವಾಗಿ ಕಾಣುತ್ತದೆ, ಆದರೆ ಕೆಲಸ ಮಾಡುತ್ತದೆ. ಹೆತ್ತವರು ಸುಳ್ಳು ಹೇಳುತ್ತಿರುವುದಿಲ್ಲ. ಅಲ್ಲೊಂದು ಇಲ್ಲೊಂದು ದಿನ ತಪ್ಪಿದ್ದು ಕೂಡಿ ಎಷ್ಟಾಯಿತು ಎಂಬುದು ಅವರಿಗೆ ನಿಜಕ್ಕೂ ತಿಳಿದಿರುವುದಿಲ್ಲ. ಅಮೆರಿಕದ ಫಿಲಡೆಲ್ಫಿಯಾದಲ್ಲಿ 28,000ಕ್ಕೂ ಹೆಚ್ಚು ಮನೆಗಳೊಂದಿಗೆ ನಡೆದು 2018ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಇಂಥದೇ ಪತ್ರಗಳಿಂದ ನಿರಂತರ ಗೈರುಹಾಜರಿ ಶೇ. 10ರಷ್ಟು ಇಳಿಯಿತು. ಸಹಪಾಠಿಗಳೊಂದಿಗಿನ ಹೋಲಿಕೆಯನ್ನು ಪತ್ರಕ್ಕೆ ಸೇರಿಸಿದ್ದರಿಂದ ಹೆಚ್ಚಿನ ಲಾಭ ಆಗಲಿಲ್ಲ. ನಾವೂ ಬೇರೆ ಮಕ್ಕಳ ಜೊತೆ ಹೋಲಿಸುವುದಿಲ್ಲ, ಎಣಿಕೆ ಮಾತ್ರ ಕೊಡುತ್ತೇವೆ.

ಚೀಟಿ ಹೋದ ಎರಡು ವಾರದಲ್ಲಿ ಸಾಲು ಬದಲಾಗದಿದ್ದರೆ ಮನೆಗೆ ಹೋಗುತ್ತೇವೆ. ಇಬ್ಬರು ಹೋಗುವುದು, ಮೊದಲೇ ಹೇಳಿ ಹೋಗುವುದು, 20 ನಿಮಿಷಕ್ಕಿಂತ ಹೆಚ್ಚು ಕೂರದಿರುವುದು. ಮಗುವಿನ ಎದುರಿಗೆ ದೂರು ಹೇಳಬಾರದು. ಮಗು ಚೆನ್ನಾಗಿ ಮಾಡಿದ ಒಂದು ಪುಟವನ್ನು ಕೈಯಲ್ಲಿ ಹಿಡಿದು ಹೋಗಬೇಕು, ಮಾತು ಅದರಿಂದಲೇ ಶುರುವಾಗಬೇಕು. ಅಲ್ಲಿಂದ ಹೊರಡುವಾಗ ಒಂದೇ ಒಂದು ಒಪ್ಪಂದ ಆಗಿರಬೇಕು: ಇಂಥ ದಿನ ಇಂಥವರು ಕರೆದುಕೊಂಡು ಬರುತ್ತಾರೆ ಎಂದು. ಐದು ಸಲಹೆ ಕೊಟ್ಟು ಬಂದರೆ ಒಂದೂ ನಡೆಯುವುದಿಲ್ಲ.

ತಡವಾಗಿ ಬರುವುದು ಬೇರೆಯದೇ ಸಮಸ್ಯೆ. ಹೆಚ್ಚಿನ ಶಾಲೆಗಳು ತಪ್ಪುವುದು ಇಲ್ಲೇ ಎಂದು ನನಗೆ ಅನಿಸುತ್ತದೆ. ಆರು ವರ್ಷದ ಮಗುವಿನ ಕೈಯಲ್ಲಿ ಗಡಿಯಾರ ಇರುವುದಿಲ್ಲ. ಅದನ್ನು ಎಬ್ಬಿಸುವವರು, ಸ್ನಾನ ಮಾಡಿಸುವವರು, ಕರೆತರುವವರು ಎಲ್ಲರೂ ದೊಡ್ಡವರು. ಹೀಗಿರುವಾಗ ತಡವಾಗಿದ್ದಕ್ಕೆ ಮಗುವನ್ನು ಗೇಟಿನ ಹೊರಗೆ ನಿಲ್ಲಿಸುವುದು, ಎಲ್ಲರ ಮುಂದೆ ಹೆಸರು ಕೂಗುವುದು, ಓಡಿಸುವುದು ಬೇರೆಯವರ ತಪ್ಪಿಗೆ ಮಗುವನ್ನು ದಂಡಿಸಿದಂತೆ. ಅದರ ಪರಿಣಾಮವೂ ಕೆಟ್ಟದು. ‘ತಡವಾಯಿತು, ಇನ್ನು ಹೋದರೆ ಬೈಸಿಕೊಳ್ಳಬೇಕು’ ಎಂದು ಅರ್ಧ ದಾರಿಯಿಂದ ಹಿಂದಿರುಗುವ ಮಗು ಹಾಜರಿ ಪುಸ್ತಕದಲ್ಲಿ ಗೈರಾಗಿ ದಾಖಲಾಗುತ್ತದೆ. 10 ನಿಮಿಷದ ನಷ್ಟವನ್ನು ನಾವೇ ಇಡೀ ದಿನದ ನಷ್ಟವಾಗಿ ಮಾಡಿರುತ್ತೇವೆ.

ನಾವು ಮಾಡಿದ್ದು ಇಷ್ಟು. ತಡವನ್ನು ‘ತಡ’ ಎಂದು ಬರೆಯುವುದಿಲ್ಲ, ನಿಮಿಷದಲ್ಲಿ ಬರೆಯುತ್ತೇವೆ: 5, 12, 25. ದಿನಾ 10 ನಿಮಿಷ ತಡವಾದರೆ 200 ದಿನಕ್ಕೆ 2,000 ನಿಮಿಷ, ಅಂದರೆ 33 ಗಂಟೆ 20 ನಿಮಿಷ. ದಿನಕ್ಕೆ 5 ಗಂಟೆ ಪಾಠ ಎಂದರೆ ಆರೂವರೆ ದಿನಕ್ಕೂ ಹೆಚ್ಚು. ಪೋಷಕರ ಮುಂದೆ ಈ ಲೆಕ್ಕವನ್ನು ಅವರ ಮಗುವಿನದೇ ಅಂಕಿಗಳಿಂದ ಮಾಡಿ ತೋರಿಸಬೇಕು. ತಡವಾಗಿ ಬಂದ ಮಗು ನೇರ ಒಳಗೆ ಬಂದು, ಸದ್ದಿಲ್ಲದೆ ಬಾಗಿಲ ಬಳಿಯ ಜಾಗದಲ್ಲಿ ಕೂರುತ್ತದೆ. ಶಿಕ್ಷಕರು ತಲೆಯಾಡಿಸಿ ಪಾಠ ಮುಂದುವರಿಸುತ್ತಾರೆ. ಕಾರಣ ಕೇಳುವುದು ಬಿಡುವಿನಲ್ಲಿ.

ಮೊದಲ 15 ನಿಮಿಷವನ್ನೂ ಬದಲಿಸಿದೆವು. ಹಾಜರಿ ಕೂಗುತ್ತ, ಸೂಚನೆ ಓದುತ್ತ ಆ ಹೊತ್ತು ಕಳೆದರೆ ತಡವಾಗಿ ಬಂದರೂ ಏನೂ ತಪ್ಪುವುದಿಲ್ಲ ಎಂದು ಮಕ್ಕಳು ಬೇಗ ಕಲಿತುಬಿಡುತ್ತಾರೆ. ಈಗ ಗಂಟೆ ಬಾರಿಸಿದ ಕೂಡಲೇ ದಿನಕ್ಕೊಂದು ತುಣುಕು ಮುಂದುವರಿಯುವ ಕಥೆ, ಇಲ್ಲವೇ ಹಿಂದಿನ ದಿನ ಬಿಟ್ಟ ಒಗಟಿನ ಉತ್ತರ. ಹಾಜರಿ ಅದಾದ ಮೇಲೆ. ಕಥೆ ಪ್ರತಿ ದಿನ ಕುತೂಹಲದ ಜಾಗದಲ್ಲೇ ನಿಲ್ಲಬೇಕು. ಒಂದೇ ದಿನಕ್ಕೆ ಮುಗಿಯುವ ಕಥೆಗೆ ಈ ಬಲ ಇಲ್ಲ. ಪದೇ ಪದೇ ತಡವಾಗುವ ಮಕ್ಕಳಿಗೆ ಮುಂಜಾನೆಯ ಒಂದು ನಿಜವಾದ ಕೆಲಸ ಕೊಡುತ್ತೇವೆ: ಗಿಡಗಳಿಗೆ ನೀರು, ಫಲಕದಲ್ಲಿ ದಿನಾಂಕ, ಚಿಕ್ಕ ತರಗತಿಗೆ ಪುಸ್ತಕ ಒಯ್ಯುವುದು. ಆ ಮಗು ಬರದಿದ್ದರೆ ಕೆಲಸ ನಿಲ್ಲುವಂತಿರಬೇಕು. ಸುಮ್ಮನೆ ಹೆಸರಿಗೆ ಕೊಟ್ಟ ಕೆಲಸವನ್ನು ಮಕ್ಕಳು ಎರಡೇ ದಿನದಲ್ಲಿ ಗುರುತಿಸುತ್ತಾರೆ.

ಪೋಷಕರೊಂದಿಗೆ ಕೂತಾಗ ಬೆಳಗಿನ ಸಮಯವನ್ನು ಹಿಂದಿನಿಂದ ಎಣಿಸುತ್ತೇವೆ. ಗಂಟೆ 9ಕ್ಕೆ ಎಂದಿಟ್ಟುಕೊಳ್ಳಿ. 8:50ಕ್ಕೆ ಅಂಗಳದಲ್ಲಿರಬೇಕು. ದಾರಿ 20 ನಿಮಿಷ ಎಂದರೆ 8:30ಕ್ಕೆ ಹೊರಡಬೇಕು. ಚೀಲ, ನೀರಿನ ಬಾಟಲಿ, ಕಾಲಿಗೆ ಹಾಕುವುದು, ಇದಕ್ಕೆ 10 ನಿಮಿಷ. ಇದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ತಡವಾಗುವುದು ಬಹಳ ಸಲ ಇಲ್ಲೇ. ತಿನ್ನುವುದಕ್ಕೆ, ಬಟ್ಟೆಗೆ 40 ನಿಮಿಷ, ಮುಖ ತೊಳೆದು ಸ್ನಾನಕ್ಕೆ 25. ಅಲ್ಲಿಗೆ 7:15ಕ್ಕೆ ಏಳಬೇಕಾಯಿತು. 6ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು. 10 ಗಂಟೆ ಹಿಡಿದರೂ ರಾತ್ರಿ 9:15ಕ್ಕೆ ನಿದ್ದೆ ಹತ್ತಿರಬೇಕು, ದೀಪ ಆರಿಸುವುದು 9ಕ್ಕೆ. ಹೀಗೆ ಎಣಿಸಿದಾಗ ಬೆಳಗಿನ ಜಗಳದ ಬೇರು ಹಿಂದಿನ ರಾತ್ರಿಯಲ್ಲಿ ಇರುವುದು ಅವರಿಗೇ ಕಾಣುತ್ತದೆ. ದಾರಿಯ ಸಮಯವನ್ನು ಮಗುವಿನ ಹೆಜ್ಜೆಯಲ್ಲಿ ಅಳೆಯಬೇಕು. ದೊಡ್ಡವರು 10 ನಿಮಿಷದಲ್ಲಿ ನಡೆಯುವ ದಾರಿ ಚೀಲ ಹೊತ್ತ ಚಿಕ್ಕ ಮಗುವಿಗೆ 10 ನಿಮಿಷದ್ದಲ್ಲ.

ದಂಡ ಹಾಕಿ ಎಂಬ ಸಲಹೆ ಪ್ರತಿ ವರ್ಷ ಸಭೆಯಲ್ಲಿ ಬರುತ್ತದೆ. ಬೇಡ. ಇಸ್ರೇಲಿನ ಹೈಫಾದಲ್ಲಿ ಸಂಜೆ ಮಕ್ಕಳನ್ನು ತಡವಾಗಿ ಕರೆದೊಯ್ಯುವ ಪೋಷಕರಿಗೆ ಕೆಲವು ಶಿಶುವಿಹಾರಗಳು ದಂಡ ಹಾಕಿದಾಗ ತಡ ಮಾಡುವವರು ಹೆಚ್ಚಾದರು, ದಂಡ ತೆಗೆದ ಮೇಲೂ ಕಡಿಮೆಯಾಗಲಿಲ್ಲ. 2000ದಲ್ಲಿ ಪ್ರಕಟವಾದ ಅಧ್ಯಯನ ಅದು. ದುಡ್ಡು ಕೊಟ್ಟ ಮೇಲೆ ಸಂಕೋಚ ಹೋಗುತ್ತದೆ. ತಡ ಎನ್ನುವುದು ಕೊಂಡುಕೊಂಡ ಸೇವೆಯಾಗುತ್ತದೆ.

ಬಹುಮಾನದಲ್ಲೂ ಎಚ್ಚರ ಬೇಕು. ‘ಒಂದೂ ದಿನ ತಪ್ಪಿಸದವರಿಗೆ’ ಎಂಬ ವರ್ಷದ ಬಹುಮಾನವನ್ನು ನಾವು ನಿಲ್ಲಿಸಿದೆವು. ಮೊದಲ ತಿಂಗಳಲ್ಲೇ ಒಂದು ದಿನ ಜ್ವರ ಬಂದ ಮಗುವಿಗೆ ಉಳಿದ ವರ್ಷ ಅದರಲ್ಲಿ ಏನೂ ಇಲ್ಲ. ಬಹುಮಾನದ ಆಸೆಗೆ ಜ್ವರದಲ್ಲೇ ಬರುವ ಮಗು ಇನ್ನೂ ನಾಲ್ವರನ್ನು ಮಲಗಿಸುತ್ತದೆ. ಅಮೆರಿಕದಲ್ಲಿ 6ರಿಂದ 12ನೇ ತರಗತಿಯವರ ಮೇಲೆ ನಡೆದ ದೊಡ್ಡ ಪ್ರಯೋಗವೊಂದರಲ್ಲಿ, ಪೂರ್ಣ ಹಾಜರಾತಿಗೆ ಅನಿರೀಕ್ಷಿತವಾಗಿ ಪ್ರಶಸ್ತಿ ಪಡೆದವರು ಮುಂದಿನ ತಿಂಗಳು ತುಸು ಹೆಚ್ಚೇ ತಪ್ಪಿಸಿದರು. ನಾವು ಈಗ ಮಗುವಿನ ಈ ತಿಂಗಳನ್ನು ಅದರದೇ ಹಿಂದಿನ ತಿಂಗಳ ಪಕ್ಕ ಇಟ್ಟು ನೋಡುತ್ತೇವೆ. 6 ದಿನ ತಪ್ಪಿಸಿದವನು 3ಕ್ಕೆ ಇಳಿದರೆ ಅದನ್ನು ಅವನಿಗೂ ಮನೆಯವರಿಗೂ ಹೇಳುತ್ತೇವೆ. ಕಾಯಿಲೆಯ ದಿನಗಳನ್ನು ಇದರಿಂದ ಹೊರಗಿಡುತ್ತೇವೆ.

ಕಾಯಿಲೆಗೆ ಒಂದು ಪುಟ್ಟ ಪಟ್ಟಿ ಪ್ರತಿ ಮನೆಯಲ್ಲೂ ಇದೆ. ಔಷಧ ಇಲ್ಲದೆ 24 ಗಂಟೆ ಜ್ವರ ಬರದಿದ್ದರೆ ಕಳಿಸಬಹುದು. ವಾಂತಿ, ಭೇದಿ ಕೊನೆಯ ಸಲ ಆಗಿ 48 ಗಂಟೆ ಕಳೆಯಬೇಕು. ಸೀತಾಳೆ ಸಿಡುಬಾದರೆ ಎಲ್ಲ ಗುಳ್ಳೆಗಳೂ ಒಣಗಿ ಹಕ್ಕಳೆ ಕಟ್ಟಬೇಕು, ಸಾಮಾನ್ಯವಾಗಿ ಗುಳ್ಳೆ ಎದ್ದು ಐದು ದಿನವಾದರೂ ಬೇಕು. ಜ್ವರವಿಲ್ಲದ ಸಣ್ಣ ನೆಗಡಿ, ತಲೆಯ ಹೇನು, ಇವುಗಳಿಗೆ ಮನೆಯಲ್ಲಿ ಉಳಿಸಿಕೊಳ್ಳಬೇಕಿಲ್ಲ. ಹೇನಿನ ನಾಚಿಕೆಗೆ ವಾರಗಟ್ಟಲೆ ಕಳಿಸದ ಮನೆಗಳಿರುತ್ತವೆ, ಅವರಿಗೆ ಇದನ್ನು ಖಾಸಗಿಯಾಗಿ ಹೇಳಬೇಕು.

‘ಒ’ ಗುರುತು ಹೆಚ್ಚಿರುವ ಮಕ್ಕಳ ವಿಷಯದಲ್ಲಿ ಆತುರ ಬೇಡ. ಬೆಳಿಗ್ಗೆ ಹೊಟ್ಟೆನೋವು, 11 ಗಂಟೆಗೆ ಮಾಯ, ರಜೆಯ ದಿನ ಇಲ್ಲವೇ ಇಲ್ಲ ಎಂದರೆ ವೈದ್ಯರಿಗೆ ತೋರಿಸುವುದರ ಜೊತೆಗೆ ಶಾಲೆಯಲ್ಲೂ ಹುಡುಕಬೇಕು. ಆ ನೋವು ನಾಟಕವಲ್ಲ, ಹೆದರಿದ ಮಗುವಿಗೆ ಹೊಟ್ಟೆ ನಿಜವಾಗಿಯೂ ನೋಯುತ್ತದೆ. ‘ಯಾಕೆ ಬರಲ್ಲ’ ಎಂದು ಕೇಳಿದರೆ ಮಗುವಿಗೆ ಹೇಳಲು ಬರುವುದಿಲ್ಲ. ಇಡೀ ದಿನದ ವೇಳಾಪಟ್ಟಿಯನ್ನು ಚೌಕಗಳಾಗಿ ಬರೆದುಕೊಟ್ಟು, ಇಷ್ಟವಾದ ಹೊತ್ತಿಗೆ ಹಸಿರು, ಇಷ್ಟವಿಲ್ಲದ್ದಕ್ಕೆ ಕೆಂಪು ಬಳಿಯಲು ಹೇಳುತ್ತೇವೆ. ದಾರಿ, ಶೌಚಾಲಯ, ಊಟದ ಬಿಡುವು, ಇವಕ್ಕೂ ಒಂದೊಂದು ಚೌಕ ಇರಲೇಬೇಕು. ಕೆಂಪು ಬಹಳ ಸಲ ಬೀಳುವುದು ಈ ಮೂರರ ಮೇಲೆಯೇ, ಇಲ್ಲವೇ ಗಟ್ಟಿಯಾಗಿ ಓದಿಸುವ ಪಿರಿಯಡ್ ಮೇಲೆ. ಶೌಚಾಲಯದ ಚಿಲಕ, ನೀರು, ಬೆಳಕು ಮೂರನ್ನೂ ವಾರಕ್ಕೊಮ್ಮೆ ನೋಡುವುದು ಹಾಜರಾತಿಯ ಕೆಲಸವೇ.

ಮಗು ಮರಳಿ ಬಂದ ದಿನವನ್ನು ನಾವು ಮೊದಲು ಕಡೆಗಣಿಸುತ್ತಿದ್ದೆವು. ಎರಡು ದಿನ ತಪ್ಪಿ ಬಂದ ಮಗುವಿಗೆ ಪಾಠದ ತುದಿ ಸಿಗುವುದಿಲ್ಲ, ಅದೇ ಮೂರನೇ ದಿನದ ಗೈರಿಗೆ ಕಾರಣವಾಗುತ್ತದೆ. ಈಗ ಮಗು ಬಾರದ ದಿನ ಬೆಂಚಿನ ಜೊತೆಗಾರ ಒಂದು ಲಕೋಟೆಯ ಮೇಲೆ ಅದರ ಹೆಸರು ಬರೆದು ಆ ದಿನದ ಹಾಳೆಗಳನ್ನು ಹಾಕಿಡುತ್ತಾನೆ. ಮರಳಿದ ದಿನ ‘ಬಂದೆಯಾ, ಬಾ, ನಿನ್ನ ಲಕೋಟೆ ಕಾಯ್ತಾ ಇದೆ’ ಎಂದು ಬರಮಾಡಿಕೊಂಡು, ಬಿಡುವಿಗೆ ಮುಂಚೆ 10 ನಿಮಿಷ ಪಕ್ಕ ಕೂತು ಮುಖ್ಯವಾದ ಒಂದನ್ನು ಮಾತ್ರ ಹೇಳಿಕೊಡುತ್ತೇವೆ. ತಪ್ಪಿದ್ದೆಲ್ಲವನ್ನೂ ಬರೆದು ತಾ ಎಂದರೆ ಮರುದಿನ ಮತ್ತೆ ಹೊಟ್ಟೆನೋವು.

ಇದೆಲ್ಲ ನಡೆಯಬೇಕಾದರೆ ಗಂಟೆ ಬಾರಿಸುವ 10 ನಿಮಿಷ ಮುಂಚೆ ಶಿಕ್ಷಕರು ತರಗತಿಯ ಬಾಗಿಲಲ್ಲಿ ಇರಬೇಕು. ಅದನ್ನು ನಾವು ಸರದಿಯಾಗಿ ಮಾಡಲು ಹೋಗಿ ಕೆಟ್ಟೆವು. ಯಾರಿರುತ್ತಾರೆಂದು ಮಕ್ಕಳಿಗೆ ತಿಳಿಯದೆ ಅವರೂ ಅಡ್ಡಾದಿಡ್ಡಿಯಾಗಿ ಬರತೊಡಗಿದರು. ಈಗ ಪ್ರತಿ ತರಗತಿಯ ಬಾಗಿಲಲ್ಲಿ ಆ ತರಗತಿಯವರೇ ನಿಲ್ಲುತ್ತಾರೆ.

ವರ್ಷದ ಕೊನೆಗೆ ಹಾಜರಿ ಪುಸ್ತಕ ಕಪಾಟಿಗೆ ಹೋಗುವ ಮುಂಚೆ ಸೊನ್ನೆ ಬಿದ್ದ ಪ್ರತಿ ಮಗುವಿಗೂ ಅರ್ಧ ಪುಟ ಬರೆಯುತ್ತೇವೆ: ಹೆಚ್ಚು ಬಿದ್ದ ಗುರುತು ಯಾವುದು, ಯಾರಿಗೆ ಫೋನ್ ಮಾಡಿದರೆ ಉತ್ತರ ಸಿಗುತ್ತದೆ, ಯಾವುದು ಫಲ ಕೊಟ್ಟಿತು, ಯಾವುದು ಕೊಡಲಿಲ್ಲ. ಆ ಹಾಳೆ ಮುಂದಿನ ತರಗತಿಯ ಶಿಕ್ಷಕರ ಕೈಗೆ ಹೋಗುತ್ತದೆ. ಶಾಲೆ ತೆರೆಯುವ ಮೂರು ದಿನ ಮುಂಚೆ ಅವರು ಆ ಮನೆಗಳಿಗೆ ಕರೆ ಮಾಡಿ, ತರಗತಿ ಯಾವ ಕೋಣೆಯಲ್ಲಿ, ಗಂಟೆ ಎಷ್ಟಕ್ಕೆ, ಮುಂಜಾನೆ ಯಾವ ಕೆಲಸ ಆ ಮಗುವಿಗಾಗಿ ಕಾದಿದೆ ಎಂದು ಹೇಳುತ್ತಾರೆ.